ಹದಿಮೂರರ ಒಂಟಿತನ ಬೇರೆ, ಹದಿನೇಳರದ್ದು ಬೇರೆ

ಕರಾವಳಿಯ ಕನ್ನಡದಲ್ಲಿ ‘ಉದಾಸೀನ’ ಎಂಬ ಪದ ನಿಘಂಟಿನ ಅರ್ಥಕ್ಕೆ ನಿಲ್ಲುವುದಿಲ್ಲ. ನಿಘಂಟಿನ ಪ್ರಕಾರ ಅದು ಅಲಕ್ಷ್ಯ, ಅನಾದರ. ಮಂಗಳೂರು, ಉಡುಪಿಯ ಮನೆಗಳಲ್ಲಿ ಅದು ಮೈಗಳ್ಳತನ, ಯಾವುದಕ್ಕೂ ಮನಸ್ಸಿಲ್ಲದ ಸ್ಥಿತಿ. “ಟ್ಯೂಷನ್‌ಗೆ ಹೋಗ್ಲಿಕ್ಕೆ ಉದಾಸೀನ ಆಗ್ತದೆ” ಎಂದು ಒಂಬತ್ತನೆಯ ತರಗತಿಯ ಹುಡುಗ ಹೇಳಿದರೆ ತಾಯಿಗೆ ಕೇಳಿಸುವುದು ಸೋಮಾರಿತನ. ಅಲ್ಲಿ ತನ್ನ ಪಕ್ಕದಲ್ಲಿ ಕೂರುವವರು ಯಾರೂ ಇಲ್ಲ ಎಂಬುದನ್ನು ಅವನು ಹೇಳಹೊರಟಿರಬಹುದು. ಒಂಟಿತನ ಎಂಬುದು ಪುಸ್ತಕದ ಪದ. ಹದಿಹರೆಯದವರ ಬಾಯಲ್ಲಿ ಅದು ಬರುವುದು ಅಪರೂಪ. ಬೇಜಾರು, ಬೋರು, ಉದಾಸೀನ, ‘ಎಂತ ಇಲ್ಲ’ ಎಂಬ ಮಾತುಗಳ ಹಿಂದೆ ಅದು ಅಡಗಿ ಕೂತಿರುತ್ತದೆ. ಕೆಲವೊಮ್ಮೆ ಏನೂ ಅಡಗಿರುವುದಿಲ್ಲ, ನಿಜಕ್ಕೂ ಸೋಮಾರಿತನವೇ ಆಗಿರುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈ ವಿಷಯ ಈಗ ಮನೆಮಾತಾಗಲು ಒಂದು ಕಾರಣ, ವಿಶ್ವ ಆರೋಗ್ಯ ಸಂಸ್ಥೆಯ ಸಾಮಾಜಿಕ ಸಂಪರ್ಕ ಆಯೋಗವು 2025ರ ಜೂನ್ 30ರಂದು ಹೊರತಂದ ವರದಿ. ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ಆ ವರದಿ ಅಂದಾಜಿಸಿತು. ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರಾದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದವರು. ಅವರ ಪೂರ್ವಜರ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ವರದಿಯಲ್ಲಿ ಹೆಚ್ಚಿನವರು ನಿರೀಕ್ಷಿಸಿರದ ಎರಡು ಸಂಗತಿಗಳಿದ್ದವು. ಒಂಟಿತನ ಮುಪ್ಪಿನ ಕಾಯಿಲೆ ಎಂಬ ನಂಬಿಕೆಗೆ ವಿರುದ್ಧವಾಗಿ, 13ರಿಂದ 29 ವರ್ಷದವರಲ್ಲಿ ಶೇಕಡಾ 17ರಿಂದ 21ರಷ್ಟು ಮಂದಿ ಒಂಟಿತನವಿದೆ ಎಂದಿದ್ದರು, ಅವರಲ್ಲಿಯೂ ಹದಿಹರೆಯದವರ ಪ್ರಮಾಣವೇ ಅತಿ ಹೆಚ್ಚಾಗಿತ್ತು. ಒಂಟಿತನ ಶ್ರೀಮಂತ ದೇಶಗಳ ತೊಂದರೆ ಎಂಬ ನಂಬಿಕೆಯೂ ನಿಲ್ಲಲಿಲ್ಲ: ಕಡಿಮೆ ಆದಾಯದ ದೇಶಗಳಲ್ಲಿ ಶೇಕಡಾ 24ರಷ್ಟು ಜನರಲ್ಲಿ ಒಂಟಿತನ ಕಂಡುಬಂದರೆ, ಶ್ರೀಮಂತ ದೇಶಗಳಲ್ಲಿ ಅದು ಸುಮಾರು ಶೇಕಡಾ 11 ಮಾತ್ರ.

ಎರಡನೆಯ ಕಾರಣ ಸ್ಥಳೀಯವಾದುದು. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದ ಸಾವಿರಾರು ಮಕ್ಕಳು ಪಿಯುಸಿಗೆಂದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹಾಸ್ಟೆಲುಗಳಿಗೆ ಬಂದು ಸೇರುತ್ತಾರೆ. ಮಳೆ ಹಿಡಿದುಕೊಳ್ಳುವ ಹೊತ್ತಿಗೆ ಮನೆಗೆ ಫೋನುಗಳು ಹೋಗತೊಡಗುತ್ತವೆ. ಆ ಫೋನುಗಳನ್ನು ಎತ್ತುವವರಿಗೆ ತಿಳಿದಿರಬೇಕಾದ ಒಂದು ವಿಚಾರವಿದೆ. ಹದಿಹರೆಯ ಶುರುವಾಗುವಾಗಿನ ಒಂಟಿತನವೂ ಮುಗಿಯುವಾಗಿನ ಒಂಟಿತನವೂ ಒಂದೇ ಹೆಸರಿನ ಎರಡು ಬೇರೆ ಸಂಗತಿಗಳು.

ಒಂಟಿತನ, ಏಕಾಂತ, ಒಬ್ಬರೇ ಇರುವುದು

ಮೊದಲು ಈ ಮೂರು ಪದಗಳನ್ನು ಬಿಡಿಸಿಕೊಳ್ಳೋಣ. ಒಬ್ಬರೇ ಇರುವುದು ಹೊರಗಿನಿಂದ ಕಾಣುವ ಸ್ಥಿತಿ. ಸುತ್ತ ಯಾರಿದ್ದಾರೆ ಎಂದು ಎಣಿಸಿ ಹೇಳಬಹುದು. ಏಕಾಂತವೆಂದರೆ ತಾನಾಗಿ ಬಯಸಿ ಪಡೆದ ಒಬ್ಬಂಟಿ ಹೊತ್ತು. ಒಂಟಿತನ ಒಂದು ಅನಿಸಿಕೆ, ಅದೂ ಲೆಕ್ಕ ತಾಳೆಯಾಗದಾಗ ಹುಟ್ಟುವ ಅನಿಸಿಕೆ: ನನಗೆ ಬೇಕಾದ ಸಂಬಂಧ ಇಷ್ಟು, ನನಗೆ ಸಿಕ್ಕಿರುವುದು ಇಷ್ಟು, ಇವೆರಡರ ನಡುವೆ ಇರುವ ಅಂತರವೇ ಒಂಟಿತನ. ಲೆಟಿಷಿಯಾ ಆನ್ ಪೆಪ್ಲಾ ಮತ್ತು ಡೇನಿಯಲ್ ಪರ್ಲ್‌ಮನ್ ಎಂಬ ಮನೋವಿಜ್ಞಾನಿಗಳು ನೀಡಿದ ಈ ವ್ಯಾಖ್ಯಾನವನ್ನೇ ಇಂದಿಗೂ ಹೆಚ್ಚಿನ ಸಂಶೋಧಕರು ಬಳಸುತ್ತಾರೆ. ಈ ಕಾರಣದಿಂದಲೇ ನಸುಕಿನಲ್ಲಿ ಒಬ್ಬನೇ ದೋಣಿ ನೂಕಿಕೊಂಡು ಹೋಗಿ ಬಲೆ ಬೀಸುವವನಿಗೆ ಒಂಟಿತನ ಇಲ್ಲದಿರಬಹುದು. ಮೂವತ್ತು ಜನ ಸೇರಿದ ಗುತ್ತಿನ ಮನೆಯ ನೇಮದ (ಭೂತಾರಾಧನೆಯ) ರಾತ್ರಿ ಅಂಗಳದ ಮೂಲೆಯ ಕುರ್ಚಿಯಲ್ಲಿ ಮೊಬೈಲ್ ತೀಡುತ್ತಾ ಕುಳಿತ ಹುಡುಗಿಗೆ ಅದು ಇರಬಹುದು.

ಹಸಿವಿನ ಹೋಲಿಕೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹೊಟ್ಟೆ ಹಸಿಯುವುದು ರೋಗದಿಂದಲ್ಲ, ತಿನ್ನಬೇಕೆಂದು ದೇಹ ಕೊಡುವ ಸೂಚನೆ ಅದು. ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕಸಿಯೊಪ್ಪೊ ಒಂಟಿತನವೂ ಅಂತಹದೇ ಒಂದು ಸೂಚನೆ, ಜನರ ಬಳಿಗೆ ಹೋಗಲು ಮಿದುಳು ಎಬ್ಬಿಸುವ ತುಡಿತ ಎಂದು ವಾದಿಸಿದರು. 2020ರಲ್ಲಿ ಪ್ರಕಟವಾದ ಮಸಾಚುಸೆಟ್ಸ್‌ನ ಎಂಐಟಿಯ ಒಂದು ಪ್ರಯೋಗ ಈ ಹೋಲಿಕೆಗೆ ಆಧಾರ ಒದಗಿಸಿತು. ಅದರಲ್ಲಿ ಭಾಗವಹಿಸಿದ 40 ವಯಸ್ಕರನ್ನು ಒಂದು ದಿನ ಹತ್ತು ಗಂಟೆ ಜನಸಂಪರ್ಕವಿಲ್ಲದೆ, ಇನ್ನೊಂದು ದಿನ ಹತ್ತು ಗಂಟೆ ಊಟವಿಲ್ಲದೆ ಇರಿಸಲಾಯಿತು. ಹಸಿದ ದಿನ ಆಹಾರದ ಚಿತ್ರ ಕಂಡಾಗ ಮಧ್ಯಮಿದುಳಿನ ಯಾವ ಭಾಗ ಚುರುಕಾಯಿತೋ, ಒಂಟಿಯಾಗಿದ್ದ ದಿನ ಜನರು ಕೂಡಿ ನಗುವ ಚಿತ್ರ ಕಂಡಾಗಲೂ ಅದೇ ಭಾಗ ಚುರುಕಾಯಿತು.

ಹಸಿವಿನಲ್ಲಿ ಬಗೆಗಳಿರುವಂತೆ ಇದರಲ್ಲಿಯೂ ಇವೆ. ರಾಬರ್ಟ್ ವೈಸ್ ಎಂಬ ಸಮಾಜವಿಜ್ಞಾನಿ 1973ರಲ್ಲಿಯೇ ಎರಡು ಬಗೆಗಳನ್ನು ಗುರುತಿಸಿದ್ದರು. ಸೇರಿಕೊಳ್ಳಲು ಒಂದು ಗುಂಪೇ ಇಲ್ಲದಿರುವುದು ಸಾಮಾಜಿಕ ಒಂಟಿತನ. ಗುಂಪಿದ್ದೂ ಮನಸ್ಸು ಬಿಚ್ಚಿ ಮಾತನಾಡಲು ಒಬ್ಬರೂ ಇಲ್ಲದಿರುವುದು ಭಾವನಾತ್ಮಕ ಒಂಟಿತನ. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು, ಬಾಯಾರಿದವನಿಗೆ ಅವಲಕ್ಕಿ ಕೊಟ್ಟಂತಾಗುತ್ತದೆ. ಮುಂದೆ ಹೇಳಹೊರಟಿರುವ ವಯಸ್ಸಿನ ಕಥೆಯ ಮುಖ್ಯ ಎಳೆ ಇದೇ.

ಹನ್ನೊಂದು, ಹನ್ನೆರಡರ ತನಕ

ಚಿಕ್ಕ ಮಕ್ಕಳಿಗೆ ಒಂಟಿತನವೆಂದರೆ ಜತೆಗೆ ಆಡುವವರು ಇಲ್ಲದಿರುವುದು. ಅದಕ್ಕೆ ಹೆಸರು, ಜಾಗ, ಗಂಟೆ ಎಲ್ಲವೂ ಇರುತ್ತದೆ: ಇಂದು ಮಧ್ಯಾಹ್ನ, ಲಗೋರಿಗೆ, ನನ್ನನ್ನು ಸೇರಿಸಲಿಲ್ಲ. ನಾಳೆ ಸೇರಿಸಿದರೆ ನೋವು ಮಾಯ. ಈ ವಯಸ್ಸಿನಲ್ಲಿ ತಾಯಿ, ಅಜ್ಜಿ, ಅಣ್ಣ ಯಾರು ಬೇಕಾದರೂ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲರು.

ಎಂಟು ದಾಟಿ ಹತ್ತರ ಹತ್ತಿರ ಬಂದಾಗ ಒಬ್ಬ ‘ಜೀವದ ಗೆಳೆಯ’ ಅಥವಾ ‘ಜೀವದ ಗೆಳತಿ’ ಬೇಕೆನಿಸತೊಡಗುತ್ತದೆ. ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲ್ಲಿವನ್, ತಮ್ಮ ಮರಣಾನಂತರ 1953ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ, ಒಂಟಿತನ ತನ್ನ ಪೂರ್ಣ ರೂಪದಲ್ಲಿ ಕಾಣಿಸಿಕೊಳ್ಳುವುದು ಹದಿಹರೆಯದ ಹೊಸ್ತಿಲಲ್ಲಿರುವ ಈ ಘಟ್ಟದಲ್ಲಿಯೇ ಎಂದಿದ್ದರು. ಇನ್ನೊಬ್ಬರ ಸುಖದುಃಖ ತನ್ನದಕ್ಕೆ ಸಮ ಎನಿಸುವುದು ಮೊದಲ ಬಾರಿಗೆ ಈಗ; ಆದ್ದರಿಂದ ಆ ಒಬ್ಬರನ್ನು ಕಳೆದುಕೊಳ್ಳುವುದೂ ಮೊದಲ ಬಾರಿಗೆ ಈಗಲೇ ಸಾಧ್ಯ.

ಹದಿಮೂರು, ಹದಿನಾಲ್ಕು: ರಂಗಸ್ಥಳದ ಮೇಲೆ

ಹದಿಮೂರರ ಆಸುಪಾಸಿನಲ್ಲಿ ಮಿದುಳಿನ ಗಮನ ಮನೆಯಿಂದ ಹೊರಕ್ಕೆ ತಿರುಗುತ್ತದೆ. ಹೊರಕ್ಕೆ ತಿರುಗುತ್ತದೆ ಎಂಬುದನ್ನು ಇಲ್ಲಿ ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಏಬ್ರಮ್ಸ್ ಮತ್ತು ಸಂಗಡಿಗರು ಮಕ್ಕಳಿಗೆ ಅವರ ತಾಯಿಯ ಧ್ವನಿಯನ್ನೂ ಅಪರಿಚಿತ ಹೆಂಗಸರ ಧ್ವನಿಯನ್ನೂ ಕೇಳಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಹನ್ನೆರಡರವರೆಗಿನ ಮಕ್ಕಳ ಮಿದುಳಿನಲ್ಲಿ ಖುಷಿ ಕೊಡುವ ಭಾಗಗಳು ತಾಯಿಯ ಧ್ವನಿಗೆ ಹೆಚ್ಚು ಸ್ಪಂದಿಸಿದರೆ, ಹದಿಮೂರರ ನಂತರ ಅದು ಅದಲುಬದಲಾಗಿ ಹೊಸ ಧ್ವನಿಗಳಿಗೆ ಹೆಚ್ಚು ಸ್ಪಂದಿಸಿತು ಎಂದು 2022ರಲ್ಲಿ ಅವರು ವರದಿ ಮಾಡಿದರು. ಎರಡು ಸಲ ಕರೆದರೂ ಓಗೊಡದ ಮಗನ ಬಗ್ಗೆ ಬೇಸರಪಡುವ ತಾಯಂದಿರಿಗೆ ಇದು ಸ್ವಲ್ಪ ಸಮಾಧಾನ ಕೊಡಬಹುದು. ತಾಯಿಯ ಧ್ವನಿ ಅವನಿಗೆ ಕೇಳಿಸದೆ ಹೋಗಿಲ್ಲ, ಅದಕ್ಕೆ ಮೊದಲಿದ್ದ ಏಕಸ್ವಾಮ್ಯ ಹೋಗಿದೆ.

ಇದರ ಪರಿಣಾಮವನ್ನು ಒಂಟಿತನದ ಭಾಷೆಯಲ್ಲಿ ಹೇಳುವುದಾದರೆ, ಮನೆಯವರ ಪ್ರೀತಿ ಎಷ್ಟಿದ್ದರೂ ಸಮವಯಸ್ಕರ ಕೊರತೆಯನ್ನು ಅದು ಇನ್ನು ತುಂಬಲಾರದು. ಅದೇ ಹೊತ್ತಿನಲ್ಲಿ ಹುಡುಗ ಹುಡುಗಿಯರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಇತರರ ತಲೆಯೊಳಗೆ ಏನು ಓಡುತ್ತಿದೆ ಎಂದು ಊಹಿಸುವ ಶಕ್ತಿ ಈಗ ಬಲಿಯುತ್ತದೆ, ಆದರೆ ಹೊಸದಾಗಿ ಬಂದ ಶಕ್ತಿಯಾದ್ದರಿಂದ ಅದರ ಬಳಕೆ ಹದ್ದುಮೀರುತ್ತದೆ. ಎಲ್ಲರ ತಲೆಯೊಳಗೂ ತಾನೇ ಇದ್ದೇನೆ ಎನಿಸುತ್ತದೆ. ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು ‘ಕಲ್ಪಿತ ಪ್ರೇಕ್ಷಕವರ್ಗ’ ಎಂದು ಕರೆದರು. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದಲ್ಲಿ ವೇಷ ಕಟ್ಟಿ, ಬಣ್ಣ ಬಳಿದು, ಭಾಗವತರ ಪದಕ್ಕೆ ರಂಗಸ್ಥಳ ಏರುವುದು ಬೇರೆ. ವೇಷವೂ ಇಲ್ಲದೆ, ಪದವೂ ತಿಳಿಯದೆ, ಚೌಕಿಯಿಂದ ಯಾರೋ ನೂಕಿದಂತೆ ಬೆಳಕಿನ ನಡುವೆ ಬಂದು ನಿಲ್ಲುವುದು ಬೇರೆ. ಹದಿಮೂರರ ಮಗು ದಿನವಿಡೀ ಈ ಎರಡನೆಯ ಸ್ಥಿತಿಯಲ್ಲಿರುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿದರೆ ಅದು ಬರಿಯ ಖಾಲಿ ಸೀಟಾಗಿ ಕಾಣುವುದಿಲ್ಲ, ಬಸ್ಸಿನಲ್ಲಿದ್ದ ಅಷ್ಟೂ ಜನ ನೋಡಿದ ಅವಮಾನವಾಗಿ ಕಾಣುತ್ತದೆ.

ಹೊರಗಿಡಲ್ಪಡುವ ನೋವು ಎಷ್ಟು ಸಣ್ಣ ಕಾರಣಕ್ಕೂ ಹುಟ್ಟುತ್ತದೆ ಎಂಬುದನ್ನು ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನೋವಿಜ್ಞಾನಿ ಆಕಸ್ಮಿಕವಾಗಿ ಕಂಡುಕೊಂಡರು. ಉದ್ಯಾನವೊಂದರಲ್ಲಿ ಕುಳಿತಿದ್ದ ಅವರ ಬಳಿಗೆ ಯಾರೋ ಇಬ್ಬರು ಆಡುತ್ತಿದ್ದ ಫ್ರಿಸ್ಬೀ ತಟ್ಟೆ ಉರುಳಿಕೊಂಡು ಬಂತು. ಅವರು ತಿರುಗಿ ಎಸೆದರು, ಆ ಇಬ್ಬರು ಇವರಿಗೂ ಎಸೆದರು, ಕೆಲವು ಸುತ್ತಿನ ಬಳಿಕ ಇವರಿಗೆ ಎಸೆಯುವುದನ್ನು ನಿಲ್ಲಿಸಿದರು. ಪಣಂಬೂರು ಕಡಲತೀರದಲ್ಲಿ ಯಾವ ಭಾನುವಾರ ಬೇಕಾದರೂ ನಡೆಯಬಹುದಾದ ಸಂಗತಿ ಇದು. ಹೆಸರೂ ತಿಳಿಯದ ಇಬ್ಬರು ತಟ್ಟೆ ಎಸೆಯದೇ ಹೋದದ್ದು ತಮ್ಮನ್ನು ಅಷ್ಟು ಚುಚ್ಚಿದ್ದೇಕೆ ಎಂಬ ಪ್ರಶ್ನೆಯಿಂದ ಅವರು ‘ಸೈಬರ್‌ಬಾಲ್’ ಎಂಬ ಕಂಪ್ಯೂಟರ್ ಆಟವನ್ನು ರೂಪಿಸಿದರು. ಪರದೆಯ ಮೇಲಿನ ಇಬ್ಬರು ಆಟಗಾರರು ಸ್ವಲ್ಪ ಹೊತ್ತು ಚೆಂಡು ಕೊಟ್ಟು ಆಮೇಲೆ ಕೊಡುವುದಿಲ್ಲ, ಅಷ್ಟೇ. ಲಂಡನ್ನಿನ ಸಂಶೋಧಕರು 2010ರಲ್ಲಿ ಇದೇ ಆಟವನ್ನು ಹದಿಹರೆಯದ ಹುಡುಗಿಯರಿಗೂ ವಯಸ್ಕ ಹೆಂಗಸರಿಗೂ ಆಡಿಸಿದಾಗ, ಮನಸ್ಸು ಹೆಚ್ಚು ಕುಗ್ಗಿದ್ದು ಹುಡುಗಿಯರದ್ದು. ತರಗತಿಯ ವಾಟ್ಸ್ಆ್ಯಪ್ ಗುಂಪಿನ ಪಕ್ಕದಲ್ಲಿ ತನ್ನನ್ನು ಬಿಟ್ಟು ಇನ್ನೊಂದು ಗುಂಪು ಶುರುವಾಗಿದೆ ಎಂದು ತಿಳಿದ ಎಂಟನೆಯ ತರಗತಿಯ ಹುಡುಗಿ ಊಟ ಬಿಟ್ಟು ಮಲಗಿದರೆ, ‘ಅಷ್ಟಕ್ಕೇ?’ ಎಂದು ಕೇಳುವ ಮೊದಲು ಆ ಚೆಂಡನ್ನು ನೆನಪಿಸಿಕೊಳ್ಳಬಹುದು.

ಕರ್ನಾಟಕದಲ್ಲಿ ಪ್ರೌಢಶಾಲೆ ಶುರುವಾಗುವುದು ಎಂಟನೆಯ ತರಗತಿಯಿಂದ. ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ಚದುರಿ, ಹೊಸ ಶಾಲೆಯಲ್ಲಿ, ಹಲವೊಮ್ಮೆ ಹೊಸ ಮಾಧ್ಯಮದಲ್ಲಿ ಕೂರುವುದು ಸರಿಯಾಗಿ ಈ ವಯಸ್ಸಿನಲ್ಲಿ. ಈ ಘಟ್ಟದ ಒಂಟಿತನ ಬಹುಮಟ್ಟಿಗೆ ವೈಸ್ ಹೇಳಿದ ಮೊದಲ ಬಗೆಯದು: ನನಗೊಂದು ಗುಂಪು ಬೇಕು.

ಹದಿನೈದು, ಹದಿನಾರು: ಗುಂಪು ಸಿಕ್ಕಿತು, ಆದರೆ

ಹದಿನೈದರ ಹೊತ್ತಿಗೆ ಹೆಚ್ಚಿನವರಿಗೆ ಒಂದು ಗುಂಪು ಸಿಕ್ಕಿರುತ್ತದೆ. ಆಗ ಪ್ರಶ್ನೆ ಬದಲಾಗುತ್ತದೆ. ಗೆಳೆಯರು ಎಷ್ಟು ಎಂಬುದಕ್ಕಿಂತ ಅವರು ನನ್ನನ್ನು ಅರಿತಿದ್ದಾರೆಯೇ ಎಂಬುದು ಮುಖ್ಯವಾಗುತ್ತದೆ. ಜತೆಗೆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವರು, ಕ್ರಿಕೆಟ್ ಆಡುವವರು, ಗೋಳಿಬಜೆ ಹಂಚಿಕೊಳ್ಳುವವರು ಇದ್ದೂ, ಅಪ್ಪ ಅಮ್ಮನ ಜಗಳವನ್ನೋ, ಯಾರ ಮೇಲೋ ಮೂಡಿದ ಮನಸ್ಸನ್ನೋ, ವಿಜ್ಞಾನ ಬೇಡ ಎಂಬ ಭಯವನ್ನೋ ಹೇಳಿಕೊಳ್ಳಲು ಒಬ್ಬರಿಲ್ಲ ಎನಿಸುವುದು ಈ ಘಟ್ಟದಲ್ಲಿ. ಹೊರಗಿನಿಂದ ನೋಡುವವರಿಗೆ ಇದು ಕಾಣುವುದೇ ಇಲ್ಲ. ‘ಅವನಿಗೆಂತ, ಊರು ತುಂಬಾ ದೋಸ್ತಿಗಳು’ ಎನ್ನುತ್ತಾರೆ.

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಆಲ್ಫೋನ್ಸ್ ಮಾರ್ಕೋನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಮಕ್ಕಳ ಒಂಟಿತನ ಅಳೆಯುವ ಪ್ರಶ್ನಾವಳಿಯೊಂದನ್ನು ಮಾಡಿದರು. ಅದರ ಜಾಣ್ಮೆ ಇರುವುದು ಒಂಟಿತನವನ್ನು ಒಂದೇ ರಾಶಿಯಾಗಿ ಅಳೆಯದೆ ನಾಲ್ಕು ಸೇರುಗಳಲ್ಲಿ ಅಳೆದುದರಲ್ಲಿ: ಗೆಳೆಯರ ವಿಷಯದ ಒಂಟಿತನ, ತಂದೆತಾಯಿಯ ವಿಷಯದ ಒಂಟಿತನ, ಒಬ್ಬರೇ ಇರುವುದರ ಬಗೆಗಿನ ಅಳುಕು, ಒಬ್ಬರೇ ಇರುವುದರ ಬಗೆಗಿನ ಒಲವು. ಹೀಗೆ ಬೇರೆ ಬೇರೆಯಾಗಿ ಅಳೆದಾಗ, ಮೊದಲು ಒಂದೇ ಎಂದು ಕಂಡದ್ದು ಎದುರುಬದುರು ಸಾಗುತ್ತಿರುವುದು ತಿಳಿಯಿತು. ಹದಿಹರೆಯ ಮುಂದುವರಿದಂತೆ ಮನೆಯವರು ತನ್ನನ್ನು ಅರಿಯುತ್ತಿಲ್ಲ ಎಂಬ ಅನಿಸಿಕೆ ಏರುತ್ತದೆ, ಒಬ್ಬರೇ ಇರುವುದರ ಅಳುಕು ಇಳಿಯುತ್ತದೆ, ಒಲವು ಬೆಳೆಯುತ್ತದೆ.

ಕೊನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮನೆಗಳಲ್ಲಿ ಹೆಚ್ಚು ತಪ್ಪು ತಿಳಿವಳಿಕೆಯಾಗುವುದು ಇಲ್ಲಿಯೇ. ರೀಡ್ ಲಾರ್ಸನ್ ಎಂಬ ಸಂಶೋಧಕರು ಮಕ್ಕಳ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಎಲ್ಲಿದ್ದೀರಿ, ಜತೆಯಲ್ಲಿ ಯಾರು, ಹೇಗನಿಸುತ್ತಿದೆ ಎಂದು ಬರೆಯಿಸುತ್ತಿದ್ದರು. 1997ರ ಅವರ ಅಧ್ಯಯನದಲ್ಲಿ, ಐದು ಮತ್ತು ಆರನೆಯ ತರಗತಿಯ ಮಕ್ಕಳಿಗೆ ಒಬ್ಬರೇ ಇದ್ದುದರಿಂದ ವಿಶೇಷ ಲಾಭವೇನೂ ಕಾಣಲಿಲ್ಲ. ಏಳರಿಂದ ಒಂಬತ್ತನೆಯ ತರಗತಿಯವರು ಮಾತ್ರ ಸ್ವಲ್ಪ ಹೊತ್ತು ಒಬ್ಬರೇ ಇದ್ದು ಬಂದ ಬಳಿಕ ಮೊದಲಿಗಿಂತ ಗೆಲುವಾಗಿರುತ್ತಿದ್ದರು. ಒಬ್ಬರೇ ಇರುವ ಹೊತ್ತು ಮಿತವಾಗಿದ್ದವರು, ಅದು ಹೆಚ್ಚಾಗಿದ್ದವರಿಗಿಂತಲೂ ಇಲ್ಲವೇ ಇಲ್ಲದವರಿಗಿಂತಲೂ ಚೆನ್ನಾಗಿದ್ದರು. ಅಂದರೆ ಏಕಾಂತ ಎಂಬುದು ಹದಿಹರೆಯದಲ್ಲಿ ಹೊಸದಾಗಿ ಕೈಗೆ ಬರುವ ಒಂದು ಸಾಮರ್ಥ್ಯ. ಜುಲೈ ತಿಂಗಳ ರೆಡ್ ಅಲರ್ಟಿಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಮಳೆ ನೋಡುತ್ತಾ ಕೂತಿದ್ದರೆ ಅದು ಏಕಾಂತವೋ ಒಂಟಿತನವೋ ಬಾಗಿಲಿನಿಂದ ತಿಳಿಯದು. ಹೊರಗೆ ಬಂದ ಮೇಲೆ ಅವಳ ಮುಖ ಹೇಗಿದೆ ಎಂಬುದರಿಂದ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಪಿಯುಸಿ: ಊರು ಬಿಟ್ಟವರ ಒಂಟಿತನ

2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. ಹಿಂದಿನ ವರ್ಷ ಇದೇ ಎರಡು ಹೆಸರುಗಳು ಹಿಂದುಮುಂದಾಗಿದ್ದವು. ಈ ಖ್ಯಾತಿಯನ್ನು ನಂಬಿ ಕಲಬುರಗಿ, ವಿಜಯಪುರ, ಬಳ್ಳಾರಿ, ಹಾಸನಗಳಿಂದ ಹದಿನಾರರ ಮಕ್ಕಳು ಟ್ರಂಕು ಹಿಡಿದು ಮೂಡುಬಿದಿರೆಗೂ ಮಂಗಳೂರಿಗೂ ಕಾರ್ಕಳಕ್ಕೂ ಬರುತ್ತಾರೆ. ಇಲ್ಲಿ ಅವರಿಗೆ ಎದುರಾಗುವ ಒಂಟಿತನ ಮೂರು ಎಳೆಗಳ ಹುರಿ.

ಮೊದಲನೆಯದು ಮನೆಯ ಹಂಬಲ. ಇದು ಒಂಟಿತನಕ್ಕೆ ನೆಂಟ, ಅದೇ ಅಲ್ಲ. ಒಬ್ಬ ವ್ಯಕ್ತಿಗಾಗಿ ಹಂಬಲಿಸುವಂತೆಯೇ ಜೋಳದ ರೊಟ್ಟಿಗಾಗಿ, ಒಣ ಹವೆಗಾಗಿ, ಬಟ್ಟೆ ಒಣಗುವ ಬಿಸಿಲಿಗಾಗಿ ಹಂಬಲಿಸುವುದೂ ಇದರಲ್ಲಿ ಸೇರಿದೆ. ಎರಡನೆಯದು ಮಾತು. ತರಗತಿಯಲ್ಲಿ ಇಂಗ್ಲಿಷು, ಕಾರಿಡಾರಿನಲ್ಲಿ ತುಳು, ಕೊಂಕಣಿ, ಬ್ಯಾರಿ. ಕನ್ನಡ ಇದೆ, ಆದರೆ ಅದರಲ್ಲಿಯೂ ‘ಎಂತ ಮಾರಾಯ’ ಎಂಬುದು ಪ್ರೀತಿಯೋ ಸಿಟ್ಟೋ ಎಂದು ತಿಳಿಯಲು ಒಂದು ತಿಂಗಳಾದರೂ ಬೇಕು. ತುಳುವಿನಲ್ಲಿ ಹೇಳಿದ ತಮಾಷೆಗೆ ಇಡೀ ಮೇಜು ನಕ್ಕಾಗ ನಗದೆ ಉಳಿದವನು ಒಬ್ಬನಿರುತ್ತಾನೆ. ಯಾರೂ ಅವನನ್ನು ಬೇಕೆಂದು ಹೊರಗಿಟ್ಟಿಲ್ಲ, ಆದರೂ ಆತ ಹೊರಗಿದ್ದಾನೆ. ಈ ಪ್ರದೇಶದವರೇ ಆದ ಮಕ್ಕಳಿಗೂ ಇದರ ಇನ್ನೊಂದು ರೂಪ ಗೊತ್ತು: ತಂದೆ ದುಬೈಯಲ್ಲೋ ಮುಂಬಯಿಯಲ್ಲೋ ಇದ್ದು, ವಿಡಿಯೊ ಕರೆಯಲ್ಲಿ ‘ಊಟ ಆಯ್ತಾ, ಮಾರ್ಕ್ಸ್ ಎಷ್ಟು’ ಎಂಬ ಎರಡು ಪ್ರಶ್ನೆಗಳಲ್ಲಿ ಸಂಬಂಧ ನಿಂತುಹೋಗಿರುವ ಮನೆಗಳು ಇಲ್ಲಿ ಕಡಿಮೆಯಿಲ್ಲ.

ಮೂರನೆಯ ಎಳೆ ಈ ವಯಸ್ಸಿನದ್ದೇ. ಹದಿನೇಳರಲ್ಲಿ ‘ನಾನು ಯಾರು, ಏನಾಗಬೇಕು’ ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ಹುಡುಕುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಲು ಬರುವುದಿಲ್ಲ. ನೀಟ್, ಜೆಇಇ, ಸಿಇಟಿ ಎಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಂಟೆಗಳನ್ನು ತುಂಡರಿಸಿಟ್ಟ ವೇಳಾಪಟ್ಟಿಯಲ್ಲಿ ಇದನ್ನು ಯೋಚಿಸಲು ಏಕಾಂತವೂ ಸಿಗುವುದಿಲ್ಲ, ಮಾತನಾಡಲು ಗೆಳೆತನವೂ ಬೆಳೆಯುವುದಿಲ್ಲ. ಪಕ್ಕದ ಮಂಚದವನು ಗೆಳೆಯನೂ ಹೌದು, ರ‍್ಯಾಂಕಿನಲ್ಲಿ ಎದುರಾಳಿಯೂ ಹೌದು. ಎಂಟು ಮಂಚಗಳ ಕೋಣೆಯಲ್ಲಿ ಒಂದು ಕ್ಷಣವೂ ಒಬ್ಬನೇ ಇರದ ಹುಡುಗ ಒಂಟಿತನ ಎನ್ನುವಾಗ ವಾರ್ಡನ್ ಅಚ್ಚರಿಪಡುವುದು ಸಹಜ. ಹದಿಮೂರರಲ್ಲಿ ಇವನಿಗೆ ಬೇಕಿದ್ದದ್ದು ಜನ. ಈಗ ಬೇಕಿರುವುದು ತನ್ನನ್ನು ಬಲ್ಲ ಒಬ್ಬರು, ಜತೆಗೆ ತನ್ನೊಡನೆ ತಾನಿರಲು ಸ್ವಲ್ಪ ಹೊತ್ತು.

ಒಟ್ಟಿನಲ್ಲಿ ಏರುವುದೋ, ಇಳಿಯುವುದೋ?

ಈ ಪ್ರಶ್ನೆಗೆ ಒಂದೇ ಪದದ ಉತ್ತರ ಬಯಸುವವರಿಗೆ ನಿರಾಸೆಯಾಗುತ್ತದೆ. ಒಂದೇ ವ್ಯಕ್ತಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ 2020ರ ಒಂದು ವಿಶ್ಲೇಷಣೆಯ ಪ್ರಕಾರ, ಬಾಲ್ಯದಲ್ಲಿ ಒಂಟಿತನ ಸ್ವಲ್ಪ ಇಳಿದು, ಹದಿಹರೆಯದಿಂದಾಚೆಗೆ ಸರಾಸರಿ ಮಟ್ಟ ಹೆಚ್ಚುಕಡಿಮೆ ಸಮನಾಗಿಯೇ ಸಾಗುತ್ತದೆ. ಸರಾಸರಿ ಬದಲಾಗದಿದ್ದರೆ ಇಷ್ಟು ಹೊತ್ತು ಹೇಳಿದ ಬದಲಾವಣೆ ಎಲ್ಲಿಗೆ ಹೋಯಿತು? ನೇತ್ರಾವತಿಯ ಅಳಿವೆಯ ಬಳಿ ನಿಂತವರಿಗೆ ಇದು ಕಷ್ಟವಾಗಬಾರದು. ಬೇಸಿಗೆಯಲ್ಲಿ ಉಬ್ಬರದೊಡನೆ ಕಡಲ ನೀರು ನದಿಯೊಳಕ್ಕೆ ಮೇಲೇರಿ ಬರುತ್ತದೆ, ಮಳೆಗಾಲದಲ್ಲಿ ಸಿಹಿನೀರು ಅದನ್ನು ಹೊರಗೆ ತಳ್ಳುತ್ತದೆ. ದಂಡೆಯ ಕಲ್ಲಿನ ಮೇಲೆ ಗುರುತು ಹಾಕಿ ನೀರಿನ ಎತ್ತರವನ್ನಷ್ಟೇ ನೋಡುವವನಿಗೆ ನೀರು ಉಪ್ಪೋ ಸಿಹಿಯೋ ತಿಳಿಯುವುದಿಲ್ಲ. ಸರಾಸರಿ ಅಂಕ ಹೇಳುವುದು ಎತ್ತರವನ್ನು.

ಸರಾಸರಿ ಇನ್ನೊಂದನ್ನೂ ಮರೆಮಾಡುತ್ತದೆ. ಹೆಚ್ಚಿನ ಮಕ್ಕಳಲ್ಲಿ ಒಂಟಿತನ ಕಡಿಮೆಯಿದ್ದು ಕಡಿಮೆಯೇ ಉಳಿಯುತ್ತದೆ. ಕೆಲವರಲ್ಲಿ ಏರಿ ಇಳಿಯುತ್ತದೆ. ಒಂದು ಸಣ್ಣ ಗುಂಪಿನಲ್ಲಿ ಮಾತ್ರ ವರ್ಷಗಟ್ಟಲೆ ಹೆಚ್ಚಾಗಿಯೇ ಇರುತ್ತದೆ. ವಯಸ್ಸು ಏರಿದಂತೆ ಯಾರು ಯಾವ ಮಟ್ಟದಲ್ಲಿದ್ದಾರೋ ಅಲ್ಲಿಯೇ ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ ಎಂದು ಅದೇ ವಿಶ್ಲೇಷಣೆ ತೋರಿಸಿತು. ಹನ್ನೊಂದರ ಒಂಟಿತನ ಹದಿನೆಂಟರದ್ದಕ್ಕಿಂತ ಸುಲಭವಾಗಿ ಅಲುಗುತ್ತದೆ.

ವಯಸ್ಸಿನ ಜತೆಗೆ ಕಾಲವೂ ಬದಲಾಗಿದೆ. ಹದಿನೈದು ವರ್ಷದ ವಿದ್ಯಾರ್ಥಿಗಳನ್ನು ಅನೇಕ ದೇಶಗಳಲ್ಲಿ ಪರೀಕ್ಷಿಸುವ ಪೀಸಾ ಸಮೀಕ್ಷೆಯಲ್ಲಿ ಶಾಲೆಯ ಒಂಟಿತನದ ಪ್ರಶ್ನೆಗಳೂ ಇವೆ. 2012 ಮತ್ತು 2018ರ ನಡುವೆ, ಲೆಕ್ಕಕ್ಕೆ ತೆಗೆದುಕೊಂಡ 37 ದೇಶಗಳಲ್ಲಿ 36ರಲ್ಲಿ ಅದು ಏರಿತ್ತು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಸ್ಮಾರ್ಟ್‌ಫೋನು ಕೈಗೆ ಬಂದ ವರ್ಷಗಳೂ ಅವೇ ಆದ್ದರಿಂದ ಬೆರಳು ತಕ್ಷಣ ಅದರತ್ತ ತಿರುಗುತ್ತದೆ. ಎರಡು ಸಂಗತಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ, ಈ ಬಗ್ಗೆ ಸಂಶೋಧಕರ ನಡುವೆ ತೀವ್ರ ಭಿನ್ನಾಭಿಪ್ರಾಯವಿದೆ. ಕಲಬುರಗಿಯ ಗೆಳೆಯನೊಡನೆ ರಾತ್ರಿ ಅರ್ಧ ಗಂಟೆ ಮಾತನಾಡುವ ಫೋನೂ, ತನ್ನನ್ನು ಕರೆಯದೆ ಮಲ್ಪೆಗೆ ಹೋದ ಸಹಪಾಠಿಗಳ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ನೋಡುವ ಫೋನೂ ಒಂದೇ ಉಪಕರಣವಾದರೂ ಮಾಡುವ ಕೆಲಸ ಬೇರೆ.

ಕೆಲವರಲ್ಲಿ ಅದು ಏಕೆ ಬೇರೂರುತ್ತದೆ?

ಹಸಿವು ಊಟದ ಕಡೆಗೆ ನೂಕುತ್ತದೆ, ಒಂಟಿತನ ಜನರ ಕಡೆಗೆ ನೂಕಬೇಕು. ಆದರೆ ಅದು ಬಹಳ ದಿನ ಉಳಿದರೆ ತಿರುಗಿ ಬೀಳುತ್ತದೆ. ಕಸಿಯೊಪ್ಪೊ ಅವರ ವಿವರಣೆ ಹೀಗಿದೆ: ಹಿಂಡಿನಿಂದ ಬೇರೆಯಾದ ಪ್ರಾಣಿ ಅಪಾಯಕ್ಕಾಗಿ ಕಿವಿ ನಿಮಿರಿಸಿಕೊಂಡಿರುತ್ತದೆ, ಒಂಟಿತನದಲ್ಲಿರುವ ಮನುಷ್ಯನ ಮಿದುಳೂ ಹಾಗೆಯೇ, ತಿರಸ್ಕಾರದ ಸುಳಿವಿಗಾಗಿ ಸದಾ ಹೊಂಚು ಹಾಕುತ್ತದೆ. ಹುಡುಕಿದವರಿಗೆ ಸುಳಿವು ಸಿಕ್ಕೇ ಸಿಗುತ್ತದೆ. ಬೆಲ್ಜಿಯಂನ ಹದಿಹರೆಯದವರ ಮೇಲೆ ನಡೆದ 2015ರ ಅಧ್ಯಯನವೊಂದು ಇದರ ಅತಿ ನೋವಿನ ಮುಖವನ್ನು ತೋರಿಸಿತು. ದೀರ್ಘಕಾಲ ಒಂಟಿತನದಲ್ಲಿದ್ದವರು, ಯಾರಾದರೂ ತಮ್ಮನ್ನು ಬಿಟ್ಟುಬಿಟ್ಟರೆ ಅದು ತಮ್ಮದೇ ಗುಣದೋಷದಿಂದ ಎನ್ನುತ್ತಿದ್ದರು. ಸೇರಿಸಿಕೊಂಡರೆ ಅದು ಆಕಸ್ಮಿಕ, ಸಂದರ್ಭದ ಫಲ ಎನ್ನುತ್ತಿದ್ದರು. ‘ಬಾ, ಕೂತುಕೋ’ ಎಂದು ಕರೆದರೂ ಅವರಿಗೆ ಕೇಳಿಸುವುದು ‘ಬೇರೆ ಯಾರೂ ಸಿಗಲಿಲ್ಲ’ ಎಂದು.

ಇದರಿಂದಲೇ, ‘ಎಲ್ಲರೊಟ್ಟಿಗೆ ಬೆರೆತರೆ ಸರಿಯಾಗ್ತದೆ’ ಎಂಬ ಸಲಹೆ ಹನ್ನೆರಡರ ಮಗುವಿಗೆ ಫಲಿಸಿದಷ್ಟು ಹದಿನೇಳರವರಿಗೆ ಫಲಿಸದು. ಒಂಟಿತನ ತಗ್ಗಿಸುವ ಬೇರೆ ಬೇರೆ ಪ್ರಯತ್ನಗಳನ್ನು ತೂಗಿ ನೋಡಿದ 2011ರ ಒಂದು ವಿಶ್ಲೇಷಣೆಯಲ್ಲಿ, ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕದಲ್ಲಿ, ಜನರನ್ನು ಭೇಟಿಮಾಡುವ ಅವಕಾಶ ಹೆಚ್ಚಿಸುವುದಕ್ಕಿಂತಲೂ ಮಾತಿನ ಕೌಶಲ ಕಲಿಸುವುದಕ್ಕಿಂತಲೂ, ಇತರರ ನಡೆಯನ್ನು ತಪ್ಪಾಗಿ ಓದುವ ಈ ಅಭ್ಯಾಸವನ್ನು ತಿದ್ದುವ ಚಿಕಿತ್ಸೆಯೇ ಹೆಚ್ಚು ಪರಿಣಾಮಕಾರಿಯಾಗಿತ್ತು.

ಯಾವಾಗ ಕಾಳಜಿ ವಹಿಸಬೇಕು?

ಒಂಟಿತನ ಒಂದು ರೋಗವಲ್ಲ, ವೈದ್ಯರ ರೋಗಪಟ್ಟಿಯಲ್ಲಿ ಅದಿಲ್ಲ. ಬಂದು ಹೋಗುವ ಒಂಟಿತನ ಈ ವಯಸ್ಸಿನ ಬಹುತೇಕ ಎಲ್ಲರಿಗೂ ಗೊತ್ತು. ಉಳಿದುಬಿಟ್ಟಾಗ ಅದು ಖಿನ್ನತೆಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಒಂಟಿತನವಿದೆ ಎಂದ ಹದಿಹರೆಯದವರು ಕಡಿಮೆ ಅಂಕ ಪಡೆಯುವ ಸಾಧ್ಯತೆ ಇತರರಿಗಿಂತ ಶೇಕಡಾ 22ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳಿತು; ಅಂಕಕ್ಕಾಗಿಯೇ ಗೆಳೆತನವನ್ನು ಬದಿಗಿಡಿಸುವ ಹಿರಿಯರು ಓದಬೇಕಾದ ಸಾಲು ಇದು ಎಂದು ನನಗನಿಸುತ್ತದೆ.

ಮನೆಯವರು ಕೇಳುವ ಪ್ರಶ್ನೆಯನ್ನು ವಯಸ್ಸಿಗೆ ತಕ್ಕಂತೆ ಬದಲಿಸಬಹುದು. ಚಿಕ್ಕವರಿಗೆ ‘ಇವತ್ತು ಯಾರೊಟ್ಟಿಗೆ ಆಡಿದೆ?’ ಸಾಕು. ಹದಿಮೂರರವರಿಗೆ ‘ಊಟಕ್ಕೆ ಯಾರೊಟ್ಟಿಗೆ ಕೂತುಕೊಳ್ತೀರಿ?’ ಎಂದರೆ ಗುಂಪಿನ ವಿಷಯ ತಾನಾಗಿ ಬರುತ್ತದೆ. ಹದಿನೇಳರವರಿಗೆ ಗೆಳೆಯರ ಲೆಕ್ಕ ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಬೇಜಾರಾದಾಗ ಮೊದಲು ಯಾರಿಗೆ ಹೇಳುತ್ತಾರೆ ಎಂದು ಕೇಳಬಹುದು, ಉತ್ತರಕ್ಕೆ ಅವಸರಿಸದೆ. ಎದುರೆದುರು ಕೂತು ಕೇಳಿದರೆ ‘ಎಂತ ಇಲ್ಲ’ ಬರುತ್ತದೆ. ಸ್ಕೂಟರಿನ ಹಿಂದೆ ಕೂತಾಗಲೋ, ತೆಂಗಿನಕಾಯಿ ತುರಿಯುವಾಗಲೋ, ಕಣ್ಣಿಗೆ ಕಣ್ಣು ಸೇರದ ಹೊತ್ತಿನಲ್ಲಿ ಮಾತು ಹೆಚ್ಚು ಬರುತ್ತದೆ.

ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಆಟ, ಹಾಡು, ಓದು ಯಾವುದೂ ಬೇಡವಾಗಿದ್ದರೆ, ‘ನಾನಿಲ್ಲದಿದ್ದರೆ ಯಾರಿಗೂ ಎಂತ ಆಗ್ಲಿಕ್ಕಿಲ್ಲ’ ಎಂಬಂತಹ ಮಾತು ಬಂದರೆ, ಅದು ವಯಸ್ಸಿನ ಒಂಟಿತನವನ್ನು ದಾಟಿದ ವಿಷಯ. ಕೊನೆಯ ಮಾತನ್ನಂತೂ ಎರಡು ವಾರ ಕಾಯದೆ, ಕೇಳಿದ ದಿನವೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಎರಡೂ ಉಚಿತ, ದಿನದ 24 ಗಂಟೆಯೂ ಸಿಗುತ್ತವೆ, ಕನ್ನಡದಲ್ಲಿ ಮಾತನಾಡಬಹುದು. ಮಕ್ಕಳೇ ಕರೆ ಮಾಡಬಹುದು, ಏನು ಮಾಡಬೇಕೆಂದು ತೋಚದ ತಂದೆತಾಯಿಯೂ ಹಾಸ್ಟೆಲಿನ ವಾರ್ಡನ್ನರೂ ಕರೆ ಮಾಡಬಹುದು.